ಗುಳೇದಗುಡ್ಡದಾಕಿ, ಮುಂಡಗೋಡದಾಕಿ, ಚೀನಾದಾಕಿ

ಡಿಸೆಂಬರ್ ಬಂತೆಂದರೆ ನಮ್ಮ ವಿಜಯಪುರದಲ್ಲಿ ಸ್ವೆಟರ್ ಅಂಗಡಿಗಳ ಸಾಲು ಏಳುತ್ತದೆ. ನಾಲ್ಕು ಬಿದಿರಿನ ಗಳ, ಮೇಲೊಂದು ನೀಲಿ ತಾಡಪತ್ರಿ, ಹಗ್ಗಕ್ಕೆ ಜೋತುಬಿಟ್ಟ ಜಾಕೀಟುಗಳು. ಮಾರುವವರು ಟಿಬೆಟ್‌ನವರು. ನಮ್ಮೂರ ಚಳಿ ಅಂಥ ದೊಡ್ಡದೇನಲ್ಲ. ಬೆಳಿಗ್ಗೆ ಎಂಟಕ್ಕೆ ಬಿಸಿಲು ಬಿತ್ತೆಂದರೆ ಮುಗೀತು. ಆದರೂ ಅತ್ತೆಗೆ ಈ ಸಲ ಸ್ವೆಟರ್ ಬೇಕೇ ಬೇಕಂತೆ. ಹೋದೆ.

"ಒಂಬೈನೂರು," ಅಂದಳು ಅಂಗಡಿಯಾಕಿ.

"ಆರ್ನೂರಕ್ಕ ಕೊಡ್ರಿ."

"ಉಣ್ಣಿ ಐತ್ರಿ ಅಕ್ಕಾ, ಮುಟ್ಟಿ ನೋಡ್ರಿ."

"ಎಲ್ಲಿ ಉಣ್ಣಿರಿ? ಅಕ್ರಿಲಿಕ್ ಐತಿ. ನಾ ಹೊಲಿಗಿ ಮಾಡಾಕಿ."

ಆಕೆ ಜೋರಾಗಿ ನಕ್ಕಳು. ಆರ್ನೂರ ಐವತ್ತಕ್ಕೆ ಮುಗೀತು. ಇಷ್ಟು ಚಂದ ನಮ್ಮ ಕನ್ನಡ ಮಾತಾಡುತ್ತಾಳಲ್ಲ, ಯಾವೂರು ಅಂತ ಕೇಳಿದೆ. ಮುಂಡಗೋಡ ಅಂದಳು. ಅಲ್ಲಿಯ ಕ್ಯಾಂಪಿನಲ್ಲೇ ಹುಟ್ಟಿದ್ದು, ಅಲ್ಲಿಯೇ ಕೊಟ್ಟದ್ದು. ಟಿಬೆಟ್ ನೋಡಿಲ್ಲ.

ದುಡ್ಡು ಎಣಿಸುವಾಗ ನನ್ನ ಕಣ್ಣು ಆಕೆಯ ಸೊಂಟದ ಮೇಲಿತ್ತು. ಉದ್ದನೆಯ ಅಂಗಿಯ ಮುಂದೆ ಪಟ್ಟೆಪಟ್ಟೆಯ ಒಂದು ಬಟ್ಟೆ ಕಟ್ಟಿಕೊಂಡಿದ್ದಳು. ಅದಕ್ಕೆ ಪಾಂಗ್‌ದೆನ್ ಅನ್ನುತ್ತಾರಂತೆ. ಮದುವೆಯಾದವರು ಕಟ್ಟಿಕೊಳ್ಳುವುದು. ಮೂರು ಸಣ್ಣ ಪನ್ನದ ಬಟ್ಟೆಗಳನ್ನು ಉದ್ದಕ್ಕೆ ಜೋಡಿಸಿ ಹೊಲಿದದ್ದು. ಆದರೆ ಒಂದರ ಪಟ್ಟೆ ಇನ್ನೊಂದರ ಪಟ್ಟೆಗೆ ಕೂಡಿಯೇ ಇಲ್ಲ! ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ನೀಲಿ. ನಾನು ಖಣದ ಕುಪ್ಪಸ ಹೊಲಿಯುವವಳು. ಬೆನ್ನಿನ ಎರಡು ಹೋಳು ಕೂಡುವಲ್ಲಿ ಚಿಕ್ಕಿಗೆ ಚಿಕ್ಕಿ ಕೂಡಲಿಲ್ಲ ಅಂದರೆ ರಾತ್ರಿ ನಿದ್ದೆ ಬರಲ್ಲ ನನಗೆ. ಅದರ ಮೇಲೆ ನಡುವಿನ ಹೊಲಿಗೆ ಒಂದು ಗೇಣು ಬಿಟ್ಟಿತ್ತು.

"ತಂದು ಕೊಡ್ರಿ, ಹಾಕಿ ಕೊಡ್ತೀನಿ. ಪಟ್ಟಿನೂ ಕೂಡಿಸ್ತೀನಿ," ಅಂದೆ.

"ಹೊಲಿಗಿ ಹಾಕ್ರಿ. ಪಟ್ಟಿ ಕೂಡಿಸಬ್ಯಾಡ್ರಿ. ಅದು ಹಂಗಾ ಇರಬೇಕು."

ಮರುದಿನ ಅಂಗಡಿಗೆ ತಂದಳು. ಅಳತೆ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡು ಮಡಚಿ ಇಟ್ಟೆ. ಸುಮ್ನೆ ಮಾತಿಗೆ ಮಾತು ಬಂತು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಆ ಸರ್ಟಿಫಿಕೇಟು ಟ್ರಂಕಿನಲ್ಲಿದೆ, ನಾನು ಮಿಷನ್ನಿನ ಮುಂದಿದ್ದೇನೆ, ಆ ಕಥೆ ಇನ್ನೊಂದು ದಿನಕ್ಕಿರಲಿ. ಓದುವಾಗ ಟಿಬೆಟ್ ರಾಜನಿಗೂ ಚೀನಾದ ರಾಜಕುಮಾರಿಗೂ ಆದ ಮದುವೆ ಬಗ್ಗೆ ಟಿಪ್ಪಣಿ ಬರೆದಿದ್ದು ನೆನಪಿತ್ತು. "ನಿಮ್ಮ ದೇಶಕ್ಕ ಚೀನಾದಿಂದ ರಾಜಕುಮಾರಿ ಬಂದಿದ್ಳಲ್ರಿ, ವೆನ್‌ಚೆಂಗ್ ಅಂತ?" ಅಂದೆ. ಆಕೆಗೆ ಹೆಸರು ಹತ್ತಲಿಲ್ಲ. ಸೊಂಗ್ತ್ಸೆನ್ ಗಂಪೊ ಅಂದ ಕೂಡಲೇ ಮುಖ ಅರಳಿತು.

"ಓ, ಗ್ಯಾಸಾ ಕೊಂಗ್ಜೋ!"

"ಗ್ಯಾಸಾ ಅಂದ್ರ?"

"ಗ್ಯಾ ಅಂದ್ರ ಚೀನಾ. ಚೀನಾದಾಕಿ. ಇನ್ನೊಬ್ಬಾಕಿ ಬೆಲ್ಸಾ, ನೇಪಾಳದಾಕಿ. ಇಬ್ಬರೂ ರಾಜಾನ ಹೆಂಡ್ತ್ಯಾರು."

ಕತ್ತರಿ ಕೈಯಲ್ಲೇ ಉಳಿಯಿತು. ಇಪ್ಪತ್ತೊಂದು ವರ್ಷದಿಂದ ನಮ್ಮ ಅತ್ತೆ ನನ್ನನ್ನು ಕರೆಯುವುದು "ಗುಳೇದಗುಡ್ಡದಾಕಿ" ಅಂತ. ನೆಗೆಣ್ಣಿ "ಇಂಡಿಯಾಕಿ". ಇಂಡಿ ತಾಲೂಕಿನವಳು ಪಾಪ, ಹೊರಗಿನವರು ಕೇಳಿದರೆ ಇಡೀ ದೇಶವೇ ಅವಳದು ಅಂದುಕೊಳ್ಳಬೇಕು. ಮದುವೆ ದಿನ ತಾಟಿನಲ್ಲಿ ಅಕ್ಕಿ ಹರಡಿ, ಅದರ ಮೇಲೆ ಉಂಗುರದಿಂದ ನಮ್ಮ ಮನೆಯವರ ಕೈಲಿ ನನ್ನ ಹೊಸ ಹೆಸರು ಬರೆಸಿದರು. ಆ ಹೆಸರು ರೇಷನ್ ಕಾರ್ಡಿನಲ್ಲಿದೆ, ಹುಟ್ಟಿದ ಹೆಸರು ಡಿಗ್ರಿ ಸರ್ಟಿಫಿಕೇಟಿನಲ್ಲಿದೆ. ಎರಡೂ ಒಬ್ಬಳೇ ಅಂತ ತೋರಿಸಲು ಒಂದು ಕಚೇರಿಗೆ ಅಫಿಡವಿಟ್ ಹಿಡಿದು ಮೂರು ಸಲ ಅಲೆದಿದ್ದೇನೆ. ಇಷ್ಟು ಮಾಡಿ ಇಟ್ಟ ಹೆಸರನ್ನಾದರೂ ಕರೆದರಾ? ಇಲ್ಲ. ಗುಳೇದಗುಡ್ಡದಾಕಿ.

ಆ ರಾತ್ರಿ ಕೂತು ಮತ್ತೆ ಓದಿದೆ. ಹಳೇ ನೋಟ್ಸು ಒಂದು ಕಡೆ, ಫೋನು ಒಂದು ಕಡೆ.

ಸೊಂಗ್ತ್ಸೆನ್ ಗಂಪೊ ಏಳನೇ ಶತಮಾನದಲ್ಲಿ ಟಿಬೆಟನ್ನು ಒಂದು ಮಾಡಿದ ದೊರೆ. ಲ್ಹಾಸಾವನ್ನು ರಾಜಧಾನಿ ಮಾಡಿಕೊಂಡವನು. 634ರಲ್ಲಿ ಮೊದಲ ಸಲ ಚೀನಾದ ಟಾಂಗ್ ದೊರೆ ತೈಜಾಂಗ್‌ನ ಆಸ್ಥಾನಕ್ಕೆ ದೂತರನ್ನು ಕಳಿಸಿದ. ಚೀನಾದವರು ತುರ್ಕರಿಗೆ ಹೆಣ್ಣು ಕೊಡುತ್ತಾರೆ, ಪಕ್ಕದ ತುಯುಹುನ್‌ರಿಗೂ ಕೊಡುತ್ತಾರೆ ಅಂತ ಕೇಳಿದ್ದ. ನನಗೂ ಒಬ್ಬ ರಾಜಕುಮಾರಿ ಬೇಕು ಅಂದ. ಚೀನಾದವರು ಆಗಲ್ಲ ಅಂದರು. ದೂತ ತಿರುಗಿ ಬಂದು, ಮೊದಲು ಒಪ್ಪಿದ್ದರು, ನಡುವೆ ತುಯುಹುನ್ ರಾಜ ಬಂದು ಕಿವಿ ಊದಿದ ಅಂತ ಹೇಳಿದ. ಸಂಬಂಧ ಮುರಿದಾಗ ಯಾರೋ ನಡುವಿನವರು ಕಡ್ಡಿ ಆಡಿಸಿದರು ಅನ್ನುವುದು ನಮ್ಮಲ್ಲೂ ಮೊದಲ ಮಾತು, ಅಲ್ವಾ?

ನಮ್ಮಲ್ಲಾದರೆ ಎರಡು ವರ್ಷ ಮಾತು ಬಿಡುತ್ತಾರೆ. ಸೊಂಗ್ತ್ಸೆನ್ ದಂಡು ಕಟ್ಟಿದ. ಮೊದಲು ತುಯುಹುನ್‌ರನ್ನು ಬಡಿದ. 638ರಲ್ಲಿ ಚೀನಾದ ಗಡಿಯ ಸೊಂಗ್‌ಝೌ ಎಂಬ ಊರಿನ ಮೇಲೆ ಬಿದ್ದ. ಜೊತೆಗೆ ಬಂದ ಸೈನ್ಯ 2 ಲಕ್ಷ ಅಂತ ಚೀನಾದವರ ಬರಹ. ಹೆಣ್ಣು ಕೊಡದಿದ್ದರೆ ಇನ್ನೂ ಒಳಗೆ ಬರುತ್ತೇನೆ ಅನ್ನುವ ಬೆದರಿಕೆ. ಟಾಂಗ್ ಸೈನ್ಯ ರಾತ್ರಿ ಮೇಲೆ ಬಿದ್ದು ಹೊಡೆದ ಮೇಲೆ ಹಿಂದೆ ಸರಿದ, ತಪ್ಪಾಯಿತು ಅಂದ, ಹಾಗೇ ಮತ್ತೊಮ್ಮೆ ಹೆಣ್ಣು ಕೇಳಿದ. ಈ ಸಲ ಒಪ್ಪಿದರು. ಗೆದ್ದವರು ಯಾರು ಅನ್ನುವುದನ್ನು ನಾನು ಪರೀಕ್ಷೆಯಲ್ಲಿ "ಟಾಂಗ್" ಅಂತ ಬರೆದಿದ್ದೆ. ಈಗ ಓದಿದರೆ ಹಾಗನ್ನಿಸಲ್ಲ. ಕೇಳಿದ್ದು ಸಿಕ್ಕಿತಲ್ಲ ಅವನಿಗೆ.

640ರಲ್ಲಿ ಹೆಣ್ಣು ಕೇಳಲು ಹೋದವನು ಮಂತ್ರಿ ಗಾರ್ ತೊಂಗ್ತ್ಸೆನ್. 5000 ಲಿಯಾಂಗ್ ಚಿನ್ನ ಹೊತ್ತುಕೊಂಡು ಹೋದ. ಈಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ 200 ಕಿಲೋ. ನಮ್ಮ ಸರಾಫರ ಮಾತಿನಲ್ಲಿ 20,000 ತೊಲಿ. ತೆರ ಕೊಟ್ಟು ಹೆಣ್ಣು ತರುತ್ತಿದ್ದ ಕಾಲದ ಸುದ್ದಿ ನಮ್ಮ ಅಜ್ಜಿ ಹೇಳುತ್ತಿದ್ದಳು. ಆಕೆಗೆ ಕೊಟ್ಟ ತೆರ ಒಂದು ಆಕಳು, ಒಂದಿಷ್ಟು ಜೋಳ.

ಈ ಗಾರ್ ಬಗ್ಗೆ ಟಿಬೆಟಿನವರು ಕಟ್ಟಿಕೊಂಡ ಕಥೆಗಳು ಬಲು ರುಚಿ. ಹೆಣ್ಣು ಕೇಳಲು ಭಾರತದ ಕಡೆಯವರೂ ಸೇರಿ ಬೇರೆ ಬೇರೆ ದೇಶದ ಮಂತ್ರಿಗಳು ಬಂದಿದ್ದರಂತೆ. ಚೀನಾದ ದೊರೆ ಎಲ್ಲರಿಗೂ ಒಗಟು ಇಟ್ಟನಂತೆ. ನೂರು ಕುದುರೆ, ನೂರು ಮರಿ, ಯಾವುದರ ಮರಿ ಯಾವುದು? ಗಾರ್ ಒಂದು ರಾತ್ರಿ ಮರಿಗಳನ್ನು ಬೇರೆ ಕಟ್ಟಿಸಿ ಬೆಳಿಗ್ಗೆ ಬಿಟ್ಟ. ಹಸಿದ ಮರಿಗಳು ತಾವೇ ತಾಯಿಯ ಕೆಚ್ಚಲಿಗೆ ಓಡಿದವು. ಎರಡೂ ತುದಿ ಒಂದೇ ಸಮ ಕೆತ್ತಿದ ಮರದ ತುಂಡು, ಬುಡ ಯಾವುದು ತುದಿ ಯಾವುದು? ನೀರಿಗೆ ಬಿಟ್ಟ. ಬುಡ ಮುಳುಗಿತು.

ನನಗೆ ಇಷ್ಟವಾದದ್ದು ದಾರದ ಒಗಟು. ಒಂದು ಹರಳು, ಅದರೊಳಗೆ ಸುತ್ತಿ ಸುತ್ತಿ ಹೋಗುವ ಸಣ್ಣ ತೂತು. ಅದರಲ್ಲಿ ರೇಷ್ಮೆ ಎಳೆ ದಾಟಿಸಬೇಕು. ಉಳಿದ ಮಂತ್ರಿಗಳು ದಾರದ ತುದಿ ತೂರಿಸಿ ತೂರಿಸಿ ಸೋತರು. ಗಾರ್ ಒಂದು ಇರುವೆ ಹಿಡಿದು, ಅದರ ಸೊಂಟಕ್ಕೆ ಎಳೆ ಕಟ್ಟಿ, ಆಚೆ ತುದಿಗೆ ಜೇನು ಸವರಿದ. ಹಿಂದಿನಿಂದ ಉಫ್ ಅಂತ ಊದಿದ. ಇರುವೆ ಜೇನಿನ ವಾಸನೆ ಹಿಡಿದು ಹೋಯಿತು, ಎಳೆಯೂ ಹೋಯಿತು.

ನಮ್ಮಪ್ಪ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ. ಕುಣಿ ಮಗ್ಗ. ಹಾಸಿನಲ್ಲಿ ಒಂದು ಎಳೆ ಕಡಿದರೆ ಲಾಳಿ ನಿಲ್ಲಿಸಿ, ತುದಿಯನ್ನು ನಾಲಗೆಗೆ ತಾಗಿಸಿ, ಎರಡು ಬೆರಳಲ್ಲಿ ಹುರಿ ಮಾಡಿ, ಹಣಿಗೆಯ ಸಂದಿಯಲ್ಲಿ ತೂರಿಸುತ್ತಿದ್ದ. ಕಣ್ಣು ಮಂಜಾದ ಮೇಲೆ ಆ ಕೆಲಸ ನನ್ನದು. ರೇಷ್ಮೆ ಎಳೆ ಉಸಿರು ತಾಗಿದರೂ ಸರಿಯುತ್ತದೆ. ಹಾಗಾಗಿ ಉಸಿರು ಹಿಡಿದು ತೂರಿಸಬೇಕು. ಈ ಗಾರ್ ಊದಿ ದಾಟಿಸಿದ ಅನ್ನುತ್ತಾರಲ್ಲ, ಕಥೆ ಕಟ್ಟಿದವನು ಮಗ್ಗದ ಮುಂದೆ ಕೂತವನಲ್ಲ ಅಂತ ಅನುಮಾನ ನನಗೆ. ಆದರೆ ಇರುವೆ ನನಗೆ ಹೊಳೆಯುತ್ತಿರಲಿಲ್ಲ. ನಾನು ಮೇಣ ಹಚ್ಚಿ ನೋಡುತ್ತಿದ್ದೆ.

ಕೊನೆಯ ಒಗಟು, ಒಂದೇ ಥರ ಸಿಂಗರಿಸಿ ನಿಲ್ಲಿಸಿದ ನೂರಾರು ಹುಡುಗಿಯರಲ್ಲಿ ರಾಜಕುಮಾರಿಯನ್ನು ಗುರುತಿಸುವುದು. ಅದಕ್ಕೆ ಬುದ್ಧಿ ಉಪಯೋಗಿಸಲಿಲ್ಲ ಅವನು. ಉಳಿದುಕೊಂಡಿದ್ದ ಮನೆಯ ಹೆಂಗಸನ್ನು ಕೇಳಿದ, ಆಕೆ ಗುರುತು ಹೇಳಿಕೊಟ್ಟಳು. ಸಂಬಂಧದ ನಿಜವಾದ ಸುದ್ದಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವನು.

ಇದು ಕಥೆಯಾಯಿತು. ಚೀನಾದ ಆಸ್ಥಾನದ ಬರಹದಲ್ಲಿ ಇನ್ನೊಂದು ಸಂಗತಿ ಇದೆ. ತೈಜಾಂಗ್‌ಗೆ ಗಾರ್‌ನ ಮಾತಿನ ಚುರುಕು ಮೆಚ್ಚುಗೆಯಾಗಿ, ನಿನಗೂ ನಮ್ಮ ಅರಮನೆಯ ಕಡೆಯ ಒಂದು ಹೆಣ್ಣು ಕೊಡುತ್ತೇನೆ ಅಂದ. ಗಾರ್ ಬೇಡ ಅಂದ. ಊರಲ್ಲಿ ಅಪ್ಪ ಅವ್ವ ನೋಡಿ ಮಾಡಿದ ಹೆಂಡತಿ ಇದ್ದಾಳೆ, ಅದೂ ಅಲ್ಲದೆ ನಮ್ಮ ದೊರೆಯೇ ಇನ್ನೂ ರಾಜಕುಮಾರಿಯ ಮುಖ ನೋಡಿಲ್ಲ, ನಾನು ಹೇಗೆ ಮೊದಲು ಮದುವೆಯಾಗಲಿ ಅಂದ. ಇಡೀ ಸುದ್ದಿಯಲ್ಲಿ ನನಗೆ ಹಿಡಿಸಿದ ಗಂಡಸು ಇವನೊಬ್ಬನೇ.

ಅವನ ಚಿತ್ರವೂ ಇದೆ. ಯಾನ್ ಲಿಬೆನ್ ಅನ್ನುವ ಟಾಂಗ್ ಕಾಲದ ಚಿತ್ರಕಾರ ಬರೆದದ್ದು ಅನ್ನುತ್ತಾರೆ. ಈಗ ಬೀಜಿಂಗ್‌ನ ಅರಮನೆ ಮ್ಯೂಸಿಯಮ್ಮಿನಲ್ಲಿರುವುದು ಆಮೇಲೆ ಯಾರೋ ತೆಗೆದ ನಕಲು ಇರಬೇಕು ಅನ್ನುವ ಮಾತೂ ಇದೆ. ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಬಲಕ್ಕೆ ತೈಜಾಂಗ್, ಸೇವಕಿಯರು ಹೊತ್ತ ಮಣೆಯ ಮೇಲೆ ಆರಾಮವಾಗಿ ಕೂತಿದ್ದಾನೆ. ಎಡಕ್ಕೆ ಮೂರು ಜನ ಗಂಡಸರು, ನಡುವಿನವನು ಗಾರ್. ಸಣಕಲು ದೇಹ, ಕೈ ಜೋಡಿಸಿದ್ದಾನೆ. ಮೈಮೇಲೆ ದುಂಡು ದುಂಡು ಚಿತ್ತಾರದ ನಿಲುವಂಗಿ. ತೋಳು ಕಿರಿದು, ಮೈಗೆ ಸರಿಯಾಗಿ ಕೂತಿದೆ. ಒಳ್ಳೆ ಕೈಯವರು ಹೊಲಿದದ್ದು. ಚೀನಾದವರ ಅಂಗಿಗಳು ಅವನ ಮುಂದೆ ಸಪ್ಪೆ. ಸೇವಕಿಯರಿದ್ದಾರೆ, ಬೀಸಣಿಗೆ ಹಿಡಿದವರಿದ್ದಾರೆ, ಛತ್ರಿ ಹಿಡಿದವಳಿದ್ದಾಳೆ. ಮದುಮಗಳೊಬ್ಬಳೇ ಇಲ್ಲ.

ಹೆಸರೂ ಇಲ್ಲ. ವೆನ್‌ಚೆಂಗ್ ಅನ್ನುವುದು ಪದವಿ, ಕೊಟ್ಟು ಕಳಿಸುವಾಗ ಇಟ್ಟದ್ದು. ಆಕೆ ತೈಜಾಂಗ್‌ನ ಮಗಳೂ ಅಲ್ಲ, ಅರಮನೆಯ ಬಳಗದ ಯಾವುದೋ ಮನೆಯ ಹುಡುಗಿ. ಹುಟ್ಟಿದ ಹೆಸರೇನು, ಅಪ್ಪ ಅವ್ವ ಯಾರು ಅಂತ ಆಸ್ಥಾನದ ಇತಿಹಾಸ ಬರೆದಿಟ್ಟಿಲ್ಲ. ಟಿಬೆಟಿನವರು ಆಕೆಯ ಹೆಸರು ಅಂದುಕೊಂಡಿರುವ ಕೊಂಗ್ಜೋ ಕೂಡ ಹೆಸರಲ್ಲ. ಚೀನಾ ಮಾತಿನ ಗೊಂಗ್‌ಝು, ಅಂದರೆ ರಾಜಕುಮಾರಿ. ಗ್ಯಾಸಾ ಕೊಂಗ್ಜೋ ಅಂದರೆ ಚೀನಾದಾಕಿ ರಾಜಕುಮಾರಿ. ಅಷ್ಟೇ.

641ರಲ್ಲಿ ಆಕೆ ಟಾಂಗ್ ರಾಜಧಾನಿ ಚಾಂಗಾನ್‌ನಿಂದ ಹೊರಟಳು. ಈ ಇಸವಿ ಓದಿದ ಕೂಡಲೇ ನನಗೆ ತವರು ನೆನಪಾಯಿತು. ನಮ್ಮೂರಿಂದ ಬಾದಾಮಿ ದೂರವೇನಲ್ಲ, ಸಣ್ಣವಳಿದ್ದಾಗ ಬನಶಂಕರಿ ಜಾತ್ರೆಗೆ ಚಕ್ಕಡಿಯಲ್ಲಿ ಹೋಗುತ್ತಿದ್ದೆವು. 641ರಲ್ಲಿ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ. ಚೀನಾದ ಹ್ಯುಯೆನ್‌ತ್ಸಾಂಗ್ ಆ ಹೊತ್ತಿಗೆ ಈ ನಾಡಿನಲ್ಲೇ ತಿರುಗುತ್ತಿದ್ದ, ಪುಲಕೇಶಿಯ ರಾಜ್ಯ ಕಂಡು ಬರೆದಿಟ್ಟ. ಮರುವರ್ಷ, 642ಕ್ಕೆ, ಪಲ್ಲವರು ಬಂದು ಬಾದಾಮಿ ಸುಟ್ಟರು. ಆ ಹುಡುಗಿ ಲ್ಹಾಸಾದಲ್ಲಿ ಹೊಸ ಮನೆ ಹೂಡುವ ಹೊತ್ತಿಗೆ ನಮ್ಮ ಕಡೆ ಊರು ಹೊಗೆಯಾಡುತ್ತಿತ್ತು. ಒಂದಕ್ಕೊಂದು ಸಂಬಂಧವೇನಿಲ್ಲ, ಸುಮ್ನೆ ಹೇಳಿದೆ.

ದಾರಿ ದೊಡ್ಡದು. ಈಗಿನ ಚಿಂಗ್‌ಹಾಯ್ ಕಡೆ ಸೂರ್ಯ-ಚಂದ್ರ ಬೆಟ್ಟ ಅಂತ ಒಂದಿದೆ. ಅಲ್ಲಿ ನಿಂತು ಹಿಂದಿರುಗಿ ನೋಡಿದಳಂತೆ. ತವರು ಕಾಣುವ ಕನ್ನಡಿ ಕೊಟ್ಟಿದ್ದರಂತೆ, ಅದನ್ನು ಒಗೆದು ಒಡೆದು ಮುಂದೆ ನಡೆದಳಂತೆ. ಜನರ ಕಥೆ. ಬರಹದಲ್ಲಿ ಇರುವುದು ಬೇರೆ. ಹುಡುಗಿಯನ್ನು ಒಪ್ಪಿಸಲು ಬಂದಿದ್ದವನು ಲಿ ದಾವೋಝೊಂಗ್ ಎಂಬ ಅರಮನೆಯ ಹಿರಿಯ. ಸೊಂಗ್ತ್ಸೆನ್ ಹಳದಿ ನದಿ ಹುಟ್ಟುವ ಸೀಮೆಯ ತನಕ ಬಂದು ಎದುರುಗೊಂಡ. ಆ ಹಿರಿಯನ ಮುಂದೆ ಅಳಿಯ ಹೇಗೆ ತಗ್ಗಿ ನಡೆಯಬೇಕೋ ಹಾಗೆ ನಡೆದ ಅಂತ ಚೀನಾದವರು ವಿಶೇಷವಾಗಿ ಬರೆದಿದ್ದಾರೆ. ಮೂರು ವರ್ಷದ ಹಿಂದೆ ದಂಡು ತಂದಿದ್ದವನು!

ಬಂದ ಮೇಲೆ ಏನಾಯಿತು? ಟಿಬೆಟಿನವರು ಆಗ ಮುಖಕ್ಕೆ ಕೆಂಪು ಕಾವಿಮಣ್ಣು ಬಳಿದುಕೊಳ್ಳುತ್ತಿದ್ದರು. ರಾಜಕುಮಾರಿಗೆ ಹಿಡಿಸಲಿಲ್ಲ. ರಾಜ ನಿಲ್ಲಿಸಿಬಿಟ್ಟ. ಇದನ್ನು ಓದಿ ನಕ್ಕೆ. ನಮ್ಮಲ್ಲಿ ಹೊಸ ಸೊಸೆ ಬಂದು ಜಾತ್ರೆಯಲ್ಲಿ ಭಂಡಾರ ಎರಚಬ್ಯಾಡ್ರಿ, ಮುಖ ಹಳದಿ ಆಗ್ತದ ಅಂದರೆ ಹೇಗಿರುತ್ತಿತ್ತು? ಊರ ತುಂಬ ಅದೇ ಮಾತು. ಲ್ಹಾಸಾದಲ್ಲೂ ಮುದುಕಿಯರು ಬಿಟ್ಟಿರಲಿಕ್ಕಿಲ್ಲ. ಆದರೆ ಅದನ್ನು ಬರೆದವರು ಚೀನಾದವರು, ತಮ್ಮ ಹುಡುಗಿ ಹೇಳಿದಂತೆ ನಡೀತು ಅಂತಲೇ ಬರೆಯುತ್ತಾರೆ. ರಾಜ ಉಣ್ಣೆ ಚರ್ಮ ಬಿಟ್ಟು ರೇಷ್ಮೆ ಉಟ್ಟ, ದೊಡ್ಡ ಮನೆತನಗಳ ಹುಡುಗರನ್ನು ಚಾಂಗಾನ್‌ಗೆ ಓದಲು ಕಳಿಸಿದ. 649ರಲ್ಲಿ ತೈಜಾಂಗ್ ಸತ್ತು ಮಗ ಪಟ್ಟಕ್ಕೆ ಬಂದಾಗ ರೇಷ್ಮೆ ಹುಳುವಿನ ಮೊಟ್ಟೆ ಕೇಳಿದ. ಹೆಂಡ ಮಾಡುವವರು, ಬೀಸುವ ಕಲ್ಲು ಮಾಡುವವರು, ಕಾಗದ ಮಸಿ ಮಾಡುವವರು ಬೇಕು ಅಂದ. ಕೊಟ್ಟರು.

ಆಕೆ ತಂದದ್ದರಲ್ಲಿ ಟಿಬೆಟಿನವರಿಗೆ ಎಲ್ಲಕ್ಕಿಂತ ಜಾಸ್ತಿ ಬೆಲೆಯದು ಒಂದು ಬುದ್ಧನ ಮೂರ್ತಿ, ಜೋವೋ. ಈಗ ಲ್ಹಾಸಾದ ಜೊಖಾಂಗ್ ಗುಡಿಯಲ್ಲಿರುವುದು ಅದೇ ಅನ್ನುತ್ತಾರೆ. ಮೊದಲು ಆಕೆಯೇ ಕಟ್ಟಿಸಿದ ರಮೋಚೆ ಗುಡಿಯಲ್ಲಿತ್ತು. ನೇಪಾಳದಾಕಿ ಭೃಕುಟಿಯೂ ಒಂದು ಮೂರ್ತಿ ತಂದಿದ್ದಳು, ಅದಕ್ಕೆ ಜೊಖಾಂಗ್. ಜೊಖಾಂಗ್ ಬಾಗಿಲು ಪಶ್ಚಿಮಕ್ಕೆ, ನೇಪಾಳದ ಕಡೆಗೆ. ರಮೋಚೆ ಬಾಗಿಲು ಪೂರ್ವಕ್ಕೆ, ಚೀನಾದ ಕಡೆಗೆ. ಒಬ್ಬೊಬ್ಬಳು ತನ್ನ ತವರಿನ ಕಡೆ ಬಾಗಿಲಿಟ್ಟಳು ಅಂತ ಅರ್ಥ. ಆಮೇಲೆ ಯಾವಾಗಲೋ ಮೂರ್ತಿಗಳನ್ನು ಅದಲುಬದಲು ಮಾಡಿದರು. ಭೃಕುಟಿ ನಿಜವಾಗಿ ಇದ್ದಳೇ ಅಂತ ಕೆಲವು ಇತಿಹಾಸಕಾರರಿಗೆ ಅನುಮಾನ. ಆದರೆ ಟಿಬೆಟಿನ ಆಟಗಳಲ್ಲಿ ಆಕೆ ಇದ್ದಾಳೆ. ಗ್ಯಾಸಾ-ಬೆಲ್ಸಾ ಆಟ ಕ್ಯಾಂಪಿನಲ್ಲಿ ನೋಡಿದ್ದೇನೆ ಅಂದಳು ಸ್ವೆಟರ್ ಅಂಗಡಿಯಾಕಿ. ನಮ್ಮ ಪಾರಿಜಾತದ ಆಟದಲ್ಲಿ ರುಕ್ಮಿಣಿ ಸತ್ಯಭಾಮೆಯರ ಜಗಳಕ್ಕೆ ಜನ ಬೆಳಗಾನ ಕೂರುತ್ತಾರಲ್ಲ, ಹಾಗೆ ಇವರೂ ಸವತಿಯರು ಜಗಳಾಡ್ತಾರೇನು ಅಂತ ಕೇಳಿದೆ. "ಗುಡಿ ಕಟ್ಟಾಕ ಜಾಗ ಎಲ್ಲಿ ಅಂತ ಸ್ವಲ್ಪ ಆಗ್ತೈತ್ರಿ," ಅಂದಳು.

ಸೊಂಗ್ತ್ಸೆನ್ 649ರ ಕೊನೆಗೋ 650ರ ಮೊದಲಿಗೋ ತೀರಿಕೊಂಡ. ದುನ್‌ಹುವಾಂಗ್ ಗವಿಯಲ್ಲಿ ಸಿಕ್ಕ ಟಿಬೆಟಿನ ಹಳೇ ವರ್ಷವಾರು ಬರಹದಲ್ಲಿ ಆಕೆಯ ಬಗ್ಗೆ ಇರುವುದು ಕೈಬೆರಳಲ್ಲಿ ಎಣಿಸುವಷ್ಟು ಮಾತು. ಗಾರ್ ಕರೆದುಕೊಂಡು ಬಂದ. ರಾಜನ ಜೊತೆ ಬಾಳಿದ್ದು 3 ವರ್ಷ. ಆಮೇಲೆ ಆಕೆಯ ಮಣ್ಣು. ನಡುವೆ 30 ವರ್ಷ ಏನು ಮಾಡಿದಳು ಅಂತ ಒಂದು ಸಾಲೂ ಇಲ್ಲ. ಆಕೆ ಸತ್ತದ್ದು 680ರಲ್ಲಿ. ತವರಿಗೆ ಮರಳಲಿಲ್ಲ.

ಆ 30 ವರ್ಷದಲ್ಲಿ ಗಂಡನ ಮನೆ ಮತ್ತು ತವರುಮನೆ ಚೆನ್ನಾಗಿದ್ದವಾ ಅಂದರೆ ಅದೂ ಇಲ್ಲ. ಮದುವೆಯಾದ ಹೊಸದರಲ್ಲಿ ಚಂದ ಇತ್ತು. 648ರ ಸುಮಾರಿಗೆ ಭಾರತಕ್ಕೆ ಬಂದ ಚೀನಾದ ದೂತ ವಾಂಗ್ ಷುವಾನ್‌ಸೆ ಕಷ್ಟದಲ್ಲಿ ಸಿಕ್ಕಿಕೊಂಡ. ಹರ್ಷವರ್ಧನ ಸತ್ತಿದ್ದ, ಅವನ ಜಾಗ ಹಿಡಿದವನು ಇವನ ಜನರನ್ನು ಹಿಡಿದು ಹಾಕಿದ. ವಾಂಗ್ ಓಡಿದ್ದು ಟಿಬೆಟಿನ ಕಡೆಗೆ. ಸೊಂಗ್ತ್ಸೆನ್ 1200 ಸೈನಿಕರನ್ನು ಕೊಟ್ಟ, ನೇಪಾಳ 7000 ಕುದುರೆ ಸವಾರರನ್ನು ಕೊಟ್ಟಿತು. ವಾಂಗ್ ಗೆದ್ದ. ಬೀಗರು ಅಂದರೆ ಹೀಗಿರಬೇಕು. ಆದರೆ ರಾಜ ಸತ್ತ ಮೇಲೆ ಎಲ್ಲ ಹದಗೆಟ್ಟಿತು. 670ರಲ್ಲಿ ದಫೇಯ್‌ಚುವಾನ್‌ನಲ್ಲಿ ಟಿಬೆಟಿನವರು ಟಾಂಗ್ ಸೈನ್ಯವನ್ನು ಮಣ್ಣುಮುಕ್ಕಿಸಿದರು. ದಂಡಿನ ನಾಯಕ ಯಾರು? ಹೆಣ್ಣು ಕೇಳಲು ಹೋಗಿದ್ದ ಗಾರ್‌ನ ಮಗ. ಆಕೆ ಆಗ ಬದುಕಿದ್ದಳು. ಲ್ಹಾಸಾದಲ್ಲಿ ಗೆದ್ದ ಸುದ್ದಿಗೆ ಹಬ್ಬ ಮಾಡಿರುತ್ತಾರೆ. ಆಕೆ ಎಲ್ಲಿ ಕೂತಿದ್ದಳೋ.

710ರಲ್ಲಿ ಇನ್ನೊಬ್ಬಳನ್ನು ಕೊಟ್ಟರು, ಜಿಂಚೆಂಗ್. ಅದೂ ಪದವಿಯೇ. ಆ ಮದುವೆಯಲ್ಲಿ ಟಿಬೆಟಿನವರು ಹಳದಿ ನದಿಯ ಒಂಬತ್ತು ತಿರುವಿನ ಸೀಮೆಯನ್ನು ಬಳುವಳಿ ಅಂತ ಕೇಳಿ ಪಡೆದರು. ರಾಜಕುಮಾರಿಯ ಸ್ನಾನದ ಖರ್ಚಿಗೆ ಅನ್ನುವ ಹೆಸರಿನಲ್ಲಿ. ಒಬ್ಬ ಟಾಂಗ್ ಸೇನಾಪತಿಗೆ ಲಂಚ ತಿನ್ನಿಸಿ ಮಾಡಿಸಿಕೊಂಡದ್ದು. ಒಳ್ಳೆ ಹುಲ್ಲುಗಾವಲು, ಅಲ್ಲಿಂದಲೇ ಆಮೇಲೆ ಚೀನಾದ ಮೇಲೆ ದಾಳಿ. ನಮ್ಮಲ್ಲಿ ಮಗಳಿಗೆ ಅರಿಶಿನ ಕುಂಕುಮಕ್ಕೆ ಅಂತ ಎರಡೆಕರೆ ಹೊಲ ಬರೆದುಕೊಡುತ್ತಾರೆ, ಅದನ್ನು ಉಳುವವನು ಅಳಿಯ. ಹೆಸರು ಮಾತ್ರ ಕುಂಕುಮದ್ದು. ಇದೂ ಅದೇ ಲೆಕ್ಕ.

ವಿಜಯಪುರದವರಿಗೆ ಇದು ಹೊಸದಲ್ಲ. ನಮ್ಮ ಚಾಂದ ಬಾವಡಿ ಯಾರ ಹೆಸರಲ್ಲಿದೆಯೋ ಆ ಚಾಂದಬೀಬಿ ಅಹಮದ್‌ನಗರದಾಕಿ. ಒಂದನೇ ಅಲಿ ಆದಿಲ್‌ಶಾಹಿಗೆ ಆಕೆಯನ್ನು ಕೊಡುವಾಗ ಸೊಲ್ಲಾಪುರದ ಕೋಟೆ ಬಳುವಳಿ. ಅಲಿಯ ತಂಗಿಯನ್ನು ಅಹಮದ್‌ನಗರದ ಹುಡುಗನಿಗೆ ಕೊಟ್ಟರು. ಹೆಣ್ಣು ಕೊಟ್ಟು ಹೆಣ್ಣು ತಂದದ್ದು. ಈ ಬೀಗತನ ಕುದುರಿದ ಮೇಲೆ 1565ರಲ್ಲಿ ಎಲ್ಲರೂ ಕೂಡಿ ನಮ್ಮ ತಾಳಿಕೋಟೆ ಸೀಮೆಯಲ್ಲಿ ವಿಜಯನಗರದ ಮೇಲೆ ಬಿದ್ದರು. ಚಾಂದಬೀಬಿಯ ಹೆಸರಾದರೂ ಉಳಿಯಿತು. ಕುದುರೆ ಏರಿ ಕತ್ತಿ ಹಿಡಿದಳು, ಅದಕ್ಕೆ.

ಇನ್ನೊಂದು ಸಂಗತಿ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಲ್ಹಾಸಾದ ಜೊಖಾಂಗ್ ಮುಂದೆ ಒಂದು ಕಲ್ಲುಕಂಬ ಇದೆ. ಎರಡು ದೇಶಗಳ ನಡುವೆ 821-822ರಲ್ಲಿ ಆದ ಒಪ್ಪಂದವನ್ನು 823ರಲ್ಲಿ ಎರಡೂ ಭಾಷೆಯಲ್ಲಿ ಕೆತ್ತಿ ನಿಲ್ಲಿಸಿದ್ದು. ಅದರಲ್ಲಿ ಈ ಇಬ್ಬರು ಕೊಂಗ್ಜೋಗಳೂ ಬರುತ್ತಾರೆ. ಇಬ್ಬರು ದೊರೆಗಳನ್ನು ಕರೆದಿರುವ ರೀತಿಯನ್ನು ಇಂಗ್ಲಿಷ್ ಪುಸ್ತಕಗಳಲ್ಲಿ "ಅಂಕಲ್", "ನೆಫ್ಯೂ" ಅಂತ ಬರೆದಿರುತ್ತಾರೆ. ಓದುವಾಗ ನನಗೆ ತಲೆಬುಡ ತಿಳಿದಿರಲಿಲ್ಲ. ಹೆಣ್ಣು ಕೊಟ್ಟವನು ಚಿಕ್ಕಪ್ಪ ಹೇಗಾದ? ಕನ್ನಡದಲ್ಲಿ ಹೇಳಿಕೊಂಡು ನೋಡಿದೆ. ಮಾವ, ಅಳಿಯ. ಮುಗೀತು! ಮಗಳ ಗಂಡನೂ ಅಳಿಯನೇ, ಅಕ್ಕನ ಮಗನೂ ಅಳಿಯನೇ. ಹೆಂಡತಿಯ ಅಪ್ಪನೂ ಮಾವ, ಅವ್ವನ ತಮ್ಮನೂ ಮಾವ. ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮಂಥವರಿಗೆ ಇದರಲ್ಲಿ ಬಿಡಿಸಿ ಹೇಳುವಂಥದ್ದೇನಿದೆ? 180 ವರ್ಷದ ಹಿಂದೆ ಒಬ್ಬ ಹುಡುಗಿಯನ್ನು ಕೊಟ್ಟಿದ್ದಕ್ಕೆ ಎರಡು ರಾಜ್ಯಗಳೇ ಮಾವ-ಅಳಿಯ ಆಗಿಬಿಟ್ಟಿದ್ದವು.

ಸೋದರಮಾವನ ಕಥೆಯೂ ಒಂದಿದೆ. ಜಿಂಚೆಂಗ್‌ಳ ಮಗುವನ್ನು ನನಮ್ ಮನೆತನದ ಸವತಿ ಕದ್ದು, ನನ್ನದೇ ಅಂದಳಂತೆ. ಮಗು ನಡೆಯುವಂತಾದಾಗ ಹಬ್ಬ ಮಾಡಿ, ಎರಡೂ ಕಡೆಯ ಮಾವಂದಿರನ್ನು ಕೂರಿಸಿ, ಮಗುವಿನ ಕೈಗೆ ಬಂಗಾರದ ಬಟ್ಟಲು ಕೊಟ್ಟು, ಹೋಗು, ನಿನ್ನ ಸೋದರಮಾವನಿಗೆ ಕೊಡು ಅಂದರಂತೆ. ಮಗು ನೆಟ್ಟಗೆ ಚೀನಾದವರ ಹತ್ತಿರ ಹೋಯಿತಂತೆ. ಜವಳ ತೆಗೆಸಲು ಸೋದರಮಾವನ ತೊಡೆಯೇ ಬೇಕು ಅನ್ನುವ ನಮ್ಮವರಿಗೆ ಕಣ್ಣೀರು ಬರುವಂಥ ಕಥೆ. ಏನು ಮಾಡುವುದು, ಜಿಂಚೆಂಗ್ ಸತ್ತದ್ದು 739ರಲ್ಲಿ, ಆ ರಾಜಕುಮಾರ ತ್ರಿಸೊಂಗ್ ಹುಟ್ಟಿದ್ದು 742ರಲ್ಲಿ.

ವಾರವಾದ ಮೇಲೆ ಪಾಂಗ್‌ದೆನ್ ಕೈಗೆತ್ತಿಕೊಂಡೆ. ನಡುವಿನ ಹೊಲಿಗೆ ಪೂರಾ ಬಿಚ್ಚಿ ಮತ್ತೆ ಹಾಕಿದೆ. ಕೈ ತಾನಾಗಿಯೇ ಕೆಂಪಿಗೆ ಕೆಂಪು ಎಳೆಯುತ್ತಿತ್ತು, ಎರಡು ಸಲ ಬಿಚ್ಚಬೇಕಾಯಿತು. ಬೇಕಂತ ತಪ್ಪಿಸಿ ಹೊಲಿಯುವುದು ಕೂಡಿಸಿ ಹೊಲಿಯುವುದಕ್ಕಿಂತ ಕಷ್ಟ. ಮುಗಿದ ಮೇಲೆ ಚೀಟಿ ಹಚ್ಚಲು ಅಳತೆ ಪುಸ್ತಕ ತೆಗೆದೆ. ನನ್ನದೇ ಅಕ್ಷರ: "ಮುಂಡಗೋಡದಾಕಿ, ಪಟ್ಟಿ ಬಟ್ಟಿ, ಹೊಲಿಗಿ."

ಅದರ ಮೇಲಿನ ಸಾಲು ನೋಡಿದೆ. "ಸಿಂದಗಿ ಟೀಚರ್." ಅದರ ಮೇಲೆ "ಬಾಗೇವಾಡಿಯಾಕಿ, ಬೋಟ್ ನೆಕ್." ಹಾಳೆ ತಿರುವಿದೆ. "ಕೊಲ್ಹಾರದ ಅಜ್ಜಿ." "ಪೊಲೀಸರ ಹೆಂಡ್ತಿ." ಒಂಬತ್ತು ವರ್ಷದ ಪುಸ್ತಕ. ಎದೆ ಸುತ್ತಳತೆ, ತೋಳಿನ ಉದ್ದ ಎಲ್ಲ ಅರ್ಧ ಇಂಚೂ ತಪ್ಪದಂತೆ ಬರೆದಿದ್ದೇನೆ.

ಸಂಜೆ ಆಕೆ ಬಂದಾಗ ಮೊದಲು ಹೆಸರು ಕೇಳಿದೆ. ಹೇಳಿದಳು. ನನಗೆ ಬರೆಯಲು ಬರಲಿಲ್ಲ, ಪುಸ್ತಕ ತಿರುಗಿಸಿ ಆಕೆಯ ಕೈಗೇ ಪೆನ್ನು ಕೊಟ್ಟೆ. ಕನ್ನಡದಲ್ಲೇ ಬರೆದಳು, ದುಂಡಗೆ. ಇಲ್ಲಿ ಹಾಕಲೇ ಅಂತ ಆಕೆಯನ್ನು ಕೇಳಿಲ್ಲ, ಹಾಗಾಗಿ ಹಾಕುತ್ತಿಲ್ಲ. "ನಿಮ್ಮ ಹೆಸರೇನ್ರಿ?" ಅಂದಳು. ಯಾವುದನ್ನು ಹೇಳಲಿ ಅಂತ ಒಂದು ಗಳಿಗೆ ತಡೆದು, ಹುಟ್ಟಿದ ಹೆಸರು ಹೇಳಿದೆ. ಒಳಗಿನಿಂದ ಅತ್ತೆ ಇಣುಕಿ ನೋಡಿದರು.

ಆಕೆ ಪಾಂಗ್‌ದೆನ್ ಬಿಡಿಸಿ, ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು, ಪಟ್ಟೆ ಕೂಡಿಲ್ಲ ಅನ್ನುವುದನ್ನು ನೋಡಿ ತಲೆಯಾಡಿಸಿದಳು.

"ಎಷ್ಟಾತ್ರಿ?"

"ಅರವತ್ತು."

"ನಲವತ್ತು ತಗೋರಿ ಅಕ್ಕಾ. ಬರೇ ಒಂದು ಹೊಲಿಗಿ ಐತಿ."